ಪದ ಬೇಕು: ಚೀನೀಯರ ‘ಶ್ಯಾವ್‌ಫೇಯ್ ಜ್ಯಾಂಗ್‌ಜೀ’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ, ನಮಸ್ಕಾರ.

ಚೀನಾದ ಗಿರಾಕಿಗಳ ಖರ್ಚುವೆಚ್ಚದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಪದ ಸಿಗದೆ ಕೆಲಸ ನಿಂತಿದೆ. 2018ರ ಸುಮಾರಿನಿಂದ ಅಲ್ಲಿ ‘ಶ್ಯಾವ್‌ಫೇಯ್ ಜ್ಯಾಂಗ್‌ಜೀ’ ಅನ್ನುವ ಮಾತು ಜೋರಾಗಿ ಓಡಾಡುತ್ತಿದೆ. ಮೊದಲ ಭಾಗಕ್ಕೆ ಖರ್ಚು, ಬಳಕೆ ಅಂತ ಅರ್ಥ. ಎರಡನೆಯದಕ್ಕೆ ದರ್ಜೆ ಇಳಿಯುವುದು. ‘ಬೇಡಿಕೆ ಕುಸಿತ’ ಅಂತ ಬರೆದರೆ ಅರ್ಥ ಕೆಡುತ್ತದೆ. ಯಾಕಂದ್ರೆ ಜನ ಕೊಳ್ಳುವುದನ್ನು ಬಿಟ್ಟಿಲ್ಲ, ಅಂಥದ್ದೇ ಸಾಮಾನು ಕಮ್ಮಿ ಬೆಲೆಗೆ ಎಲ್ಲಿ ಸಿಗುತ್ತದೆ ಅಂತ ಹುಡುಕುತ್ತಿದ್ದಾರೆ.

ಕಾಫಿಯನ್ನೇ ನೋಡಿ. ಸ್ಟಾರ್‌ಬಕ್ಸ್‌ನಲ್ಲಿ ಒಂದು ಲಾಟೆಗೆ 30 ಯುವಾನ್ ಆಸುಪಾಸು. ಚೀನಾದ್ದೇ ಕಂಪನಿ ಲಕಿನ್ 2023ರಲ್ಲಿ 9.9 ಯುವಾನ್‌ಗೆ ಕಾಫಿ ಕೊಡತೊಡಗಿತು. ಅದೇ ವರ್ಷ ಅಲ್ಲಿನ ಮಾರಾಟದಲ್ಲಿ ಸ್ಟಾರ್‌ಬಕ್ಸನ್ನು ಹಿಂದೆ ಹಾಕಿತು. ಇಂಥ ಬದಲಿ ಸರಕಿಗೆ ಅಲ್ಲಿ ‘ಪಿಂಗ್‌ತಿ’ ಅನ್ನುತ್ತಾರೆ. ದುಬಾರಿ ವಿದೇಶಿ ಕ್ರೀಮಿನ ಬದಲು ಹೆಚ್ಚುಕಮ್ಮಿ ಅದೇ ಗುಣದ ಸ್ವದೇಶಿ ಕ್ರೀಮು ಕೊಂಡರೆ ಅದು ಪಿಂಗ್‌ತಿ. ಅದು ನಕಲಿಯೂ ಅಲ್ಲ, ಕಳಪೆಯೂ ಅಲ್ಲ. ‘ಅಗ್ಗದ ಮಾಲು’ ಅಂದರೆ ಕೊಂಡವರಿಗೆ ಅವಮಾನ ಮಾಡಿದಂತೆ, ಅಲ್ವಾ?

‘ಜಿಪುಣತನ’ವಂತೂ ಬೇಡವೇ ಬೇಡ. ಅಲ್ಲಿನ ಕುಟುಂಬಗಳ ಆಸ್ತಿಯಲ್ಲಿ ದೊಡ್ಡ ಪಾಲು ಮನೆಯದ್ದು. 2021ರಿಂದೀಚೆಗೆ ಮನೆಗಳ ಬೆಲೆ ಇಳಿಯತೊಡಗಿತು. ಜನ ಹೆದರಿ ದುಡ್ಡು ಕೂಡಿಡತೊಡಗಿದರು. 2022 ಒಂದೇ ವರ್ಷ ಮನೆಮಂದಿಯ ಬ್ಯಾಂಕ್ ಠೇವಣಿ 17.8 ಲಕ್ಷ ಕೋಟಿ ಯುವಾನ್ ಜಾಸ್ತಿಯಾಯಿತು. ಇದನ್ನು ‘ಮಿತವ್ಯಯ’ ಅಂದರೂ ಸರಿಹೋಗದು. ಮಿತವ್ಯಯ ಒಳ್ಳೇ ಗುಣ. ಇದು ಭಯ. ಚಿಲ್ಲರೆ ಮಾರಾಟದ ಏರಿಕೆ 2023ರಲ್ಲಿ ಶೇ 7.2 ಇದ್ದದ್ದು 2024ರಲ್ಲಿ ಶೇ 3.5ಕ್ಕೆ ಬಂತು. ಆಗಲೂ ಮಾರಾಟ ಏರಿತು, ವೇಗ ಮಾತ್ರ ತಗ್ಗಿತು. ‘ಕುಸಿತ’ ಬೇಡ ಅನ್ನಲು ಇದೂ ಒಂದು ಕಾರಣ.

ಇನ್ನೊಂದು ಪದ ‘ಯಿ ಜ್ಯೂ ಹುವಾನ್ ಶಿನ್’, ಅಂದರೆ ಹಳೆಯದಕ್ಕೆ ಹೊಸದು. ಜನ ಕೈಬಿಚ್ಚಿ ಕೊಳ್ಳಲಿ ಅಂತ ಸರ್ಕಾರ 2024ರಲ್ಲಿ ಇದಕ್ಕೆ 15 ಸಾವಿರ ಕೋಟಿ ಯುವಾನ್ ಇಟ್ಟಿತು, 2025ಕ್ಕೆ ದುಪ್ಪಟ್ಟು ಮಾಡಿತು. ಆ ಎರಡು ವರ್ಷ ಹಳೇ ಫ್ರಿಜ್ಜು ಬಿಟ್ಟು, ಕರೆಂಟ್ ಉಳಿಸುವುದರಲ್ಲಿ ಎರಡನೇ ದರ್ಜೆಯ ಹೊಸದು ಕೊಂಡರೆ ಶೇ 15 ಸೋಡಿ ಸಿಗುತ್ತಿತ್ತು. ಮೊದಲ ದರ್ಜೆಯದಾದರೆ ಶೇ 20. ನಮ್ಮ ‘ಎಕ್ಸ್‌ಚೇಂಜ್ ಆಫರ್’ ಅಂಗಡಿಯವರದ್ದು, ಅಲ್ಲಿ ಕೊಡುವ ದುಡ್ಡು ಸರ್ಕಾರದ್ದು. ಹಾಗಾಗಿ ‘ಹಳೆಯದಕ್ಕೆ ಹೊಸದು ಸಬ್ಸಿಡಿ’ ಅಂತ ಇಟ್ಟಿದ್ದೇನೆ.

ಮೊದಲ ಪದದ್ದೇ ತೊಡಕು. ಪಠ್ಯಪುಸ್ತಕದ ‘ಅನುಭೋಗ’ ಹಿಡಿದು ಹೊರಟರೆ ಓದುಗರು ಅಲ್ಲೇ ನಿಂತುಬಿಡುತ್ತಾರೆ. ‘ಇಳಿಖರೀದಿ’ ಅಂದರೆ ಖರೀದಿಯೇ ಕಮ್ಮಿಯಾಯಿತು ಅನಿಸುತ್ತದೆ. ‘ಇಳಿದರದ ಖರೀದಿ’ ಅಂದರೆ ಆಷಾಢದ ಸೇಲ್ ನೆನಪಾಗುತ್ತದೆ. ಸದ್ಯಕ್ಕೆ ‘ಒಂದು ದರ್ಜೆ ಇಳಿದು ಕೊಳ್ಳುವುದು’ ಅಂತ ಬಿಡಿಸಿ ಬರೆದಿದ್ದೇನೆ. ಪಿಂಗ್‌ತಿಗೆ ‘ಕೈಗೆಟುಕುವ ಬದಲಿ’.

ಬಟ್ಟೆ, ದಿನಸಿ ವ್ಯಾಪಾರದಲ್ಲಿರುವವರು ದಯವಿಟ್ಟು ತಿಳಿಸಿ: ಗಿರಾಕಿ ದಿನಾ ಒಯ್ಯುವ ಮಾಲು ಬಿಟ್ಟು ಅದರ ಕೆಳಗಿನದನ್ನು ಕೇಳಿದರೆ ನಿಮ್ಮ ಕಡೆ ಏನನ್ನುತ್ತೀರಿ?