ಓಡಾಟ ಹೆಚ್ಚಾಗಿ ಹೆದ್ದಾರಿಯಲ್ಲೇ: ಸ್ಟ್ರಾಂಗ್ ಹೈಬ್ರಿಡ್ ಎಸ್‌ಯುವಿ ತಗೊಂಡ್ರೆ ಲೆಕ್ಕ ಕೂಡುತ್ತಾ?

ವರದಾ_ತೀರ:
ತಿಂಗಳಿಗೆ ಸುಮಾರು 2,500 ಕಿ.ಮೀ. ಓಡಾಟ. ಮುಕ್ಕಾಲು ಪಾಲು ಹುಬ್ಬಳ್ಳಿ–ಬೆಂಗಳೂರು ಹೆದ್ದಾರಿ 48, ಎರಡು ತಿಂಗಳಿಗೊಮ್ಮೆ ಶಿರಾಡಿ ಘಾಟಿ ಇಳಿದು ಮಂಗಳೂರು. ನಾವಿಬ್ಬರು, ಇಬ್ಬರು ಮಕ್ಕಳು, ಹಬ್ಬಕ್ಕೆ ಅಪ್ಪ ಅಮ್ಮ. ಆಟೊಮ್ಯಾಟಿಕ್ ಇದ್ದರೆ ಒಳ್ಳೆಯದು.

ಪಟ್ಟಿಯಲ್ಲಿರುವುದು: ಟೊಯೋಟಾ ಹೈರೈಡರ್ ಅಥವಾ ಮಾರುತಿ ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಕರೆಂಟ್ ಮೋಟರೂ ಗಾಡಿ ಓಡಿಸುತ್ತೆ), ಅದೇ ಗಾಡಿಗಳ ಮೈಲ್ಡ್ ಹೈಬ್ರಿಡ್ (ಮೋಟರ್ ಎಂಜಿನ್‌ಗೆ ಸ್ವಲ್ಪ ನೆರವು ಕೊಡುತ್ತೆ ಅಷ್ಟೇ), ಹ್ಯುಂಡೈ ಕ್ರೆಟಾ ಡೀಸೆಲ್. ಬಜೆಟ್ ಸ್ವಲ್ಪ ಎಳೆದರೆ ಟೊಯೋಟಾದ ದೊಡ್ಡ ಗಾಡಿ ಹೈಕ್ರಾಸ್ ಹೈಬ್ರಿಡ್.

ಕೇಳಬೇಕಿರುವುದು ಇಷ್ಟು. ಸ್ಟ್ರಾಂಗ್ ಹೈಬ್ರಿಡ್‌ಗೆ ಕಂಪನಿ ಹೇಳುವ ಲೀಟರಿಗೆ 27.97 ಕಿ.ಮೀ. ಹೆದ್ದಾರಿಯಲ್ಲಿ ಎಷ್ಟಕ್ಕೆ ಬಂದು ನಿಲ್ಲುತ್ತೆ? ಹೈಬ್ರಿಡ್ ಸಿಟಿಗೆ ಮಾತ್ರ ಲಾಯಕ್ಕು ಅನ್ನೋದು ನಿಜವಾ? ಘಾಟಿಯಲ್ಲಿ ಬ್ಯಾಟರಿ ಹೇಗೆ ನಡೆದುಕೊಳ್ಳುತ್ತೆ?

ಲೆಕ್ಕದ_ಪುಸ್ತಕ:
ಮೊದಲು ಆ 27.97 ಪಕ್ಕಕ್ಕಿಡಿ. ಎಆರ್‌ಎಐ (ಗಾಡಿಗಳ ಮೈಲೇಜ್ ಪರೀಕ್ಷಿಸುವ ಸಂಸ್ಥೆ) ಪರೀಕ್ಷೆ ನಡೆಯೋದು ಲ್ಯಾಬಿನ ರೋಲರ್ ಮೇಲೆ, ಎಸಿ ಆಫ್ ಮಾಡಿ. ಅದರಲ್ಲಿ ಗರಿಷ್ಠ ವೇಗವೇ 90. ಜೊತೆಗೆ ನಿಲ್ಲು–ಹೊರಡು ಭಾಗ ಜಾಸ್ತಿ, ಅದೇ ಹೈಬ್ರಿಡ್‌ಗೆ ಹಬ್ಬ. ನೀವು ಚಿತ್ರದುರ್ಗ ದಾಟಿ 100ರಲ್ಲಿ ಎಸಿ ಹಾಕಿಕೊಂಡು ಹೋಗುವಾಗ ಅದ್ಯಾವುದೂ ಅನ್ವಯಿಸಲ್ಲ.

ಬಜೆಟ್ ಹಾಕುವಾಗ ಸ್ಟ್ರಾಂಗ್ ಹೈಬ್ರಿಡ್‌ಗೆ ನಾನು ಹಿಡಿಯುವ ಅಂಕಿ: 80–90ರಲ್ಲಿ ಲೀಟರಿಗೆ 24ರ ಆಸುಪಾಸು, 100ರಲ್ಲಿ 21, 120ರಲ್ಲಿ 17–18. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತೆ. 80ರಿಂದ 100ಕ್ಕೆ ಹೋದರೆ ತಡೆ 56% ಜಾಸ್ತಿ, 100ರಿಂದ 120ಕ್ಕೆ ಮತ್ತೆ 44%. ಯಾವ ಬ್ಯಾಟರಿಯೂ ಇದನ್ನ ತಪ್ಪಿಸಲ್ಲ. 300 ಕಿ.ಮೀ.ಗೆ 120ರಲ್ಲಿ ಉಳಿಯೋದು ಅರ್ಧ ಗಂಟೆ, ಸುಡೋದು ಹೆಚ್ಚುವರಿ ಮೂರು ಲೀಟರ್. ಅಂದಹಾಗೆ ನಾಲ್ಕು ಪಥದ ಹೆದ್ದಾರಿಯಲ್ಲಿ ಕಾರಿಗೆ ಮಿತಿ 100.

ಈಗ ದುಡ್ಡು. ವರ್ಷಕ್ಕೆ 30,000 ಕಿ.ಮೀ., ಪೆಟ್ರೋಲ್ ₹103, ಡೀಸೆಲ್ ₹91 ಅಂತ ಇಟ್ಟುಕೊಳ್ಳೋಣ. ಎಲ್ಲಾ 100ರ ವೇಗದ ಹೆದ್ದಾರಿ ಓಟ:

ಸ್ಟ್ರಾಂಗ್ ಹೈಬ್ರಿಡ್, 21ರಂತೆ: ₹1.47 ಲಕ್ಷ
ಮೈಲ್ಡ್ ಹೈಬ್ರಿಡ್, 17ರಂತೆ: ₹1.82 ಲಕ್ಷ
ಡೀಸೆಲ್ ಮ್ಯಾನ್ಯುಯಲ್, 19ರಂತೆ: ₹1.44 ಲಕ್ಷ
ಡೀಸೆಲ್ ಆಟೊಮ್ಯಾಟಿಕ್, 17ರಂತೆ: ₹1.61 ಲಕ್ಷ

ಅಂದರೆ ಮೈಲ್ಡ್‌ಗಿಂತ ಸ್ಟ್ರಾಂಗ್‌ನಲ್ಲಿ ವರ್ಷಕ್ಕೆ ಉಳಿಯೋದು ಸುಮಾರು ₹35,000. ಎರಡರ ಆನ್‌ರೋಡ್ ವ್ಯತ್ಯಾಸ 2 ಲಕ್ಷ ಇದ್ದರೆ ಆರು ವರ್ಷ ಬೇಕು ತುಂಬೋಕೆ. ಇದೇ ಗಾಡಿ ಪೂರ್ತಿ ಬೆಂಗಳೂರು ಟ್ರಾಫಿಕ್‌ನಲ್ಲಿ ಓಡಿದರೆ? ಮೈಲ್ಡ್ 12, ಸ್ಟ್ರಾಂಗ್ 22 ಅಂತ ಹಿಡಿಯಿರಿ, ವರ್ಷಕ್ಕೆ ₹1.17 ಲಕ್ಷ ಉಳಿತಾಯ, ಎರಡು ವರ್ಷದೊಳಗೆ ವಸೂಲು. ಹಾಗಾಗಿ "ಸಿಟಿಗೆ ಮಾತ್ರ" ಅನ್ನೋ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಿಮ್ಮ ಕಾಲು ಪಾಲು ಓಡಾಟ ಸಿಟಿಯದ್ದಾದರೆ ಆ ಆರು ವರ್ಷ ನಾಲ್ಕರ ಒಳಗೆ ಬರುತ್ತೆ.

ತೆರಿಗೆಯ ಆಸೆ ಇಟ್ಟುಕೊಳ್ಳಬೇಡಿ. ಉತ್ತರ ಪ್ರದೇಶ 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗೆ ನೋಂದಣಿ ತೆರಿಗೆ ಮನ್ನಾ ಮಾಡಿತ್ತು. ನಮ್ಮಲ್ಲಿ ಪೆಟ್ರೋಲ್ ಗಾಡಿಯ ಹಾಗೇ ಬೆಲೆಯ ಸ್ಲ್ಯಾಬ್ ಪ್ರಕಾರ ಲೈಫ್‌ಟೈಮ್ ಟ್ಯಾಕ್ಸ್. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯಲ್ಲೂ ನಿಮ್ಮ ಪಟ್ಟಿಯ ಎಲ್ಲಾ ಗಾಡಿಗೂ ಒಂದೇ 40%.

ಸ್ಪ್ಯಾನರ್_ಶೆಟ್ರು:
ಮೇಲಿನವರ ಲೆಕ್ಕ ಸರಿ. ಹೆದ್ದಾರಿಯಲ್ಲಿ ಲಾಭ ಯಾಕೆ ಕಮ್ಮಿ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ಹೈರೈಡರ್, ಗ್ರ್ಯಾಂಡ್ ವಿಟಾರಾ, ಮಾರುತಿಯದ್ದೇ ಇನ್ನೊಂದು ಗಾಡಿ ವಿಕ್ಟೋರಿಸ್, ಮೂರರ ಸ್ಟ್ರಾಂಗ್ ಹೈಬ್ರಿಡ್‌ನಲ್ಲೂ ಒಂದೇ ಸರಕು: ಟೊಯೋಟಾದ 1.5 ಲೀಟರ್ ಮೂರು ಸಿಲಿಂಡರ್ ಅಟ್ಕಿನ್ಸನ್ ಎಂಜಿನ್, ಅಂದರೆ ಇಂಧನ ಉಳಿಸೋ ಥರ ಕಟ್ಟಿದ್ದು (92 ಪಿಎಸ್, ಪಿಎಸ್ ಅಂದರೆ ಅಶ್ವಶಕ್ತಿಯ ಅಳತೆ), 80 ಪಿಎಸ್ ಮೋಟರ್, ಒಟ್ಟು 116 ಪಿಎಸ್. ಗೇರ್‌ಬಾಕ್ಸ್‌ಗೆ ಇ-ಸಿವಿಟಿ ಅಂತಾರೆ. ಹೆಸರು ನೋಡಿ ಸಾಮಾನ್ಯ ಸಿವಿಟಿ ಗೇರ್‌ಬಾಕ್ಸ್‌ನ ಹಾಗೆ ಬೆಲ್ಟ್ ಇದೆ ಅಂದುಕೊಳ್ಳಬೇಡಿ. ಬೆಲ್ಟ್ ಇಲ್ಲ, ಕ್ಲಚ್ ಇಲ್ಲ, ಟಾರ್ಕ್ ಕನ್ವರ್ಟರ್ ಇಲ್ಲ. ಒಂದು ಪ್ಲಾನೆಟರಿ ಗೇರ್ ಸೆಟ್ (ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ತಿರುಗೋ ಜೋಡಣೆ), ಎರಡು ಮೋಟರ್, ಅಷ್ಟೇ. ಕೆಡೋಕೆ ಭಾಗಗಳೇ ಕಮ್ಮಿ.

ಸಿಟಿಯಲ್ಲಿ ಬ್ರೇಕ್ ಒತ್ತಿದಾಗಲೆಲ್ಲ ಮೋಟರ್ ಜನರೇಟರ್ ಆಗಿ ಬ್ಯಾಟರಿ ತುಂಬುತ್ತೆ, ಸಿಗ್ನಲ್‌ನಲ್ಲಿ ಎಂಜಿನ್ ಮಲಗುತ್ತೆ. ಹೆದ್ದಾರಿಯಲ್ಲಿ ಬ್ರೇಕೇ ಒತ್ತಲ್ಲವಲ್ಲ, ವಾಪಸ್ ಪಡೆಯೋಕೆ ಏನಿದೆ? ಅದೂ ಅಲ್ಲದೆ ಎಂಜಿನ್ನಿನ ಶಕ್ತಿಯ ಒಂದು ಭಾಗ ಚಕ್ರಕ್ಕೆ ನೇರ ಹೋಗುತ್ತೆ, ಇನ್ನೊಂದು ಭಾಗ ಕರೆಂಟಾಗಿ ಮತ್ತೆ ತಿರುಗಣೆಯಾಗಿ ಸುತ್ತು ಹಾಕಿ ಬರುತ್ತೆ. ಆ ಸುತ್ತಿನಲ್ಲಿ ಸ್ವಲ್ಪ ಸೋರಿಕೆ ಇದ್ದೇ ಇದೆ. ಹೋಂಡಾದವರು ಹೆದ್ದಾರಿ ವೇಗದಲ್ಲಿ ಎಂಜಿನ್ನನ್ನ ಕ್ಲಚ್ ಮೂಲಕ ಚಕ್ರಕ್ಕೆ ನೇರ ಜೋಡಿಸ್ತಾರೆ, ಆದರೆ ಆ ವ್ಯವಸ್ಥೆ ಇಲ್ಲಿ ಸಿಕ್ಕಿದ್ದು "ಸಿಟಿ" ಅನ್ನೋ ಹೆಸರಿನ ಸೆಡಾನ್‌ನಲ್ಲಿ. ಎಸ್‌ಯುವಿ ಬೇಕೇ ಬೇಕು ಅನ್ನೋರಿಗೆ ಉಪಯೋಗಕ್ಕೆ ಬರಲ್ಲ.

ಹಾಗಿದ್ದೂ 21 ಬರೋದು ಅಟ್ಕಿನ್ಸನ್ ಎಂಜಿನ್ ಮಿತವ್ಯಯಿ ಆಗಿರೋದರಿಂದ, ಮತ್ತೆ ಹಿರಿಯೂರಿನ ಆಚೀಚೆ ಇರೋ ಥರದ ಏರಿಳಿತದಲ್ಲಿ ಇಳುಕಲು ಸಿಕ್ಕಾಗಲೆಲ್ಲ ಎಂಜಿನ್ ನಿಂತುಬಿಡೋದರಿಂದ.

ಸರ್ವಿಸ್ ಕಡೆಯಿಂದ ನೆನಪಿಡಬೇಕಾದದ್ದು:

ಬಾನೆಟ್ ತೆಗೆದರೆ ಕೂಲೆಂಟ್ ಡಬ್ಬಿ ಎರಡು ಕಾಣುತ್ತೆ, ಒಂದು ಎಂಜಿನ್‌ದು, ಇನ್ನೊಂದು ಇನ್ವರ್ಟರ್‌ದು (ಬ್ಯಾಟರಿಯ ಕರೆಂಟನ್ನ ಮೋಟರ್‌ಗೆ ಬೇಕಾದ ಹಾಗೆ ಬದಲಿಸೋ ಭಾಗ). ಜನ ಮೊದಲನೆಯದನ್ನ ಮಾತ್ರ ನೋಡ್ತಾರೆ. ಇನ್ವರ್ಟರ್ ಕೂಲೆಂಟ್ ಇಳಿದು ಬಿಸಿ ಏರಿದರೆ ಗಾಡಿ ತಾನೇ ಶಕ್ತಿ ಕಡಿತ ಮಾಡುತ್ತೆ, ಎಚ್ಚರಿಕೆ ದೀಪ ಹತ್ತುತ್ತೆ. ಎರಡಕ್ಕೂ ನೀರು ಸುರಿಯಬೇಡಿ, ಹೇಳಿರೋ ಕೂಲೆಂಟೇ ಹಾಕಿ.

ಹೈಬ್ರಿಡ್ ಬ್ಯಾಟರಿಗೆ ಕ್ಯಾಬಿನ್ ಗಾಳಿಯೇ ತಂಪು. ಗಾಳಿ ಎಳೆಯೋ ಜಾಲರಿ ಎಲ್ಲಿದೆ ಅಂತ ಡೆಲಿವರಿ ದಿನವೇ ಕೇಳಿ ತಿಳ್ಕೊಳ್ಳಿ. ಅದರ ಮೇಲೆ ಟವೆಲ್ಲು, ಚೀಲ, ಮಕ್ಕಳ ಕುರ್‌ಕುರೆ ಪ್ಯಾಕೆಟ್ ಬಿದ್ದರೆ ಗಾಳಿ ಕಟ್ಟುತ್ತೆ, ಬ್ಯಾಟರಿ ಆಯಸ್ಸು ತಿನ್ನೋದು ಆ ಬಿಸಿಯೇ. ಟೊಯೋಟಾದಲ್ಲಿ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ವಾರಂಟಿ. ನಿಮ್ಮ ಓಟಕ್ಕೆ ಕಿ.ಮೀ. ಐದೂವರೆ ವರ್ಷದಲ್ಲೇ ಮುಗಿಯುತ್ತೆ, ಅದನ್ನೂ ಲೆಕ್ಕಕ್ಕೆ ತಗೊಳ್ಳಿ.

ಹೈಬ್ರಿಡ್ ರಸ್ತೆಯಲ್ಲಿ ನಿಂತರೆ ಜನ ಮೊದಲು ದೊಡ್ಡ ಬ್ಯಾಟರಿಯನ್ನ ಬೈತಾರೆ. ಕೈಕೊಡೋದು ಹೆಚ್ಚಾಗಿ ಸಣ್ಣ 12 ವೋಲ್ಟ್ ಬ್ಯಾಟರಿ. ಎಂಜಿನ್ ತಿರುಗಿಸೋದು ದೊಡ್ಡ ಬ್ಯಾಟರಿಯಾದರೂ, ಗಾಡಿಯ ಕಂಪ್ಯೂಟರ್ ಎಬ್ಬಿಸೋದು ಇದೇ. ಮೂರು ನಾಲ್ಕು ವಾರ ಶೆಡ್ಡಲ್ಲಿ ನಿಲ್ಲಿಸಿ ಬಂದರೆ ಗಾಡಿ ಓಡೋಕೆ ಸಿದ್ಧ ಅಂತ ಹೇಳೋ "ರೆಡಿ" ದೀಪವೇ ಬರದೆ ಹೋಗಬಹುದು. ನಿಲ್ಲಿಸೋದಿದ್ದರೆ ವಾರಕ್ಕೊಮ್ಮೆ ಅರ್ಧ ಗಂಟೆ ರೆಡಿಯಲ್ಲಿ ಇಡಿ. ಬರೀ ಇಗ್ನಿಷನ್ ಆನ್ ಮಾಡಿ ಕೂತರೆ ಇರೋ ಚಾರ್ಜೂ ಹೋಗುತ್ತೆ. ಕಿತ್ತಳೆ ಬಣ್ಣದ ವೈರು ಹೈ ವೋಲ್ಟೇಜು, ಇಲಿ ಕಡಿದಿದ್ದು ಕಂಡರೆ ಊರಿನ ಎಲೆಕ್ಟ್ರಿಷಿಯನ್ ಕೈಗೆ ಕೊಡಬೇಡಿ.

ಗುಂಡ್ಯ_ತಿರುವು:
ಘಾಟಿ ಪ್ರಶ್ನೆಗೆ ಉತ್ತರ. ಆ ಹೈಬ್ರಿಡ್ ಬ್ಯಾಟರಿ ಬರೀ 0.76 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್ಟೇ). ಅದರಲ್ಲೂ ಕೆಳಗೆ ಮೇಲೆ ಅಂಚು ಬಿಟ್ಟು ಅರ್ಧದಷ್ಟನ್ನೇ ಗಾಡಿ ಬಳಸುತ್ತೆ. ಜನ, ಸಾಮಾನು ಸೇರಿ 1,600 ಕೆ.ಜಿ. ಗಾಡಿ 100 ಮೀಟರ್ ಎತ್ತರ ಇಳಿದರೆ ಹುಟ್ಟೋ ಶಕ್ತಿ ಸುಮಾರು 0.44 ಯೂನಿಟ್, ಟೈರು, ಗಾಳಿ, ಪರಿವರ್ತನೆಯ ನಷ್ಟ ಕಳೆದು ಬ್ಯಾಟರಿಗೆ ಕಾಲು ಯೂನಿಟ್ ಸೇರುತ್ತೆ ಅನ್ನಿ. ಸಕಲೇಶಪುರದ ಕಡೆಯಿಂದ ಗುಂಡ್ಯಕ್ಕೆ ಇಳಿಯೋದು ಸರಿಸುಮಾರು 800 ಮೀಟರ್. ಅಂದರೆ ಮೊದಲ ಕೆಲವು ತಿರುವಿನಲ್ಲೇ ಬ್ಯಾಟರಿ ತುಂಬಿಬಿಡುತ್ತೆ.

ತುಂಬಿದ ಮೇಲೆ ಏನಾಗುತ್ತೆ? ಆಕ್ಸಿಲರೇಟರ್ ಪೆಡಲ್ ಬಿಟ್ಟಾಗ ಸಿಗುತ್ತಿದ್ದ ಹಿಡಿತ ಕಮ್ಮಿ ಆಗುತ್ತೆ, ಕೆಲಸ ಹೆಚ್ಚಾಗಿ ಬ್ರೇಕ್ ಪ್ಯಾಡ್ ಮೇಲೆ ಬೀಳುತ್ತೆ. ಹೊಸಬರು ಗಾಬರಿ ಆಗೋದು ಇಲ್ಲೇ. ಇಳುಕಲು ಶುರುವಾಗೋ ಮುಂಚೆಯೇ ಲಿವರ್ "ಬಿ"ಗೆ ಹಾಕಿ. ಆಗ ಎಂಜಿನ್ನನ್ನ ಪೆಟ್ರೋಲ್ ಇಲ್ಲದೆ ಸುಮ್ಮನೆ ತಿರುಗಿಸಿ ತಡೆ ಕೊಡುತ್ತೆ. ಪೆಡಲ್ ಒತ್ತದೇ ಎಂಜಿನ್ ಕೂಗುತ್ತೆ. ರಿಪೇರಿ ಅಲ್ಲ, ಅದೇ ಅದರ ಕೆಲಸ. ಕೆಳಗೆ ಬಂದ ಮೇಲೆ ಮರೆಯದೆ "ಡಿ"ಗೆ ತನ್ನಿ, ಸಪಾಟು ರಸ್ತೆಯಲ್ಲಿ "ಬಿ" ಇಟ್ಟು ಓಡಿಸಿದರೆ ಉರುಳಿಕೆ ಕೆಟ್ಟು ಮೈಲೇಜ್ ಇಳಿಯುತ್ತೆ.

ಹತ್ತುವಾಗ ಉಲ್ಟಾ. ಬ್ಯಾಟರಿ ಬೇಗ ಇಳಿಯುತ್ತೆ, ಆಮೇಲೆ 116 ಅನ್ನೋದು ಕಾಗದದ ಮೇಲೆ, ಕೈಗೆ ಸಿಗೋದು ಎಂಜಿನ್ನಿನ 92 ಪಿಎಸ್. ಐದು ಜನ ಕೂತು ಟ್ಯಾಂಕರ್ ಹಿಂದಿಕ್ಕಲು ಹೋದರೆ ಸದ್ದು ಜೋರು, ಓಟ ನಿಧಾನ. ಜಾಗ ನೋಡಿಕೊಂಡೇ ಓವರ್‌ಟೇಕ್ ಮಾಡಿ.

ಇನ್ನೊಂದು, ಸಾಮಾನು ಇಡೋ ಡಿಕ್ಕಿ. ಬ್ಯಾಟರಿ ಹಿಂದೆ ಕೂತಿರೋದರಿಂದ ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್‌ನಲ್ಲಿ 265 ಲೀಟರ್ ಅಷ್ಟೇ, ಮೈಲ್ಡ್‌ನಲ್ಲಿ 373. ನೆಲವೂ ಎತ್ತರ. ನಿಮ್ಮ ಮನೆಯ ಎರಡು ದೊಡ್ಡ ಸೂಟ್‌ಕೇಸ್ ತಗೊಂಡೇ ಶೋರೂಮಿಗೆ ಹೋಗಿ, ಇಟ್ಟು ಬಾಗಿಲು ಹಾಕಿ ನೋಡಿ. ಹಿಡಿಸಲಿಲ್ಲ ಅಂತ ಆಮೇಲೆ ತಲೆ ಮೇಲೆ ಕ್ಯಾರಿಯರ್ ಕಟ್ಟಿದರೆ ಗಾಳಿ ತಡೆ ಏರಿ, ಹೈಬ್ರಿಡ್‌ಗೆ ಕೊಟ್ಟ ದುಡ್ಡು ಗಾಳಿಗೇ ಹೋಗುತ್ತೆ.

ನೀವು ನಾಲ್ಕು ಮಂದಿ, ಅಪ್ಪ ಅಮ್ಮ ಸೇರಿದರೆ ಆರು. ಹೈಕ್ರಾಸ್ ಬಿಟ್ಟು ನಿಮ್ಮ ಪಟ್ಟಿಯ ಎಲ್ಲದರಲ್ಲೂ ಐದೇ ಸೀಟು! ಯಾರೂ ಹೇಳಲಿಲ್ಲ ಅಂತ ಹೇಳಿದೆ.

ಧಾರವಾಡ_ಪೇಡೆ:
ನೋಡ್ರಿ ಸರ, 100ರ ಮ್ಯಾಲೆ ಒಂದೇ ಸಮ ಹೊಡಿಯೋರಿಗೆ ಡೀಸೆಲ್ಲನ್ನ ಅಷ್ಟು ಸಲೀಸಾಗಿ ಬಿಡಬ್ಯಾಡ್ರಿ. ಕ್ರೆಟಾದ 1.5 ಡೀಸೆಲ್ಲಿಗೂ 116 ಪಿಎಸ್ಸೇ ಐತಿ, ಆದ್ರ 250 ಎನ್‌ಎಂ ಟಾರ್ಕು (ಎಳಿಯೂ ಬಲ) ಎಂಜಿನ್ ನಿಧಾನ ತಿರಗೂವಾಗಿಂದನ ಸಿಗ್ತದ. ತುಂಬಿದ ಗಾಡಿ ಘಟ್ಟ ಹತ್ತಿಸಾಕ ಬೇಕಾಗೂದು ಅದ. ಡಿಪಿಎಫ್ (ಡೀಸೆಲ್ ಹೊಗಿಯ ಮಸಿ ಹಿಡಿಯೂ ಜಾಳಗಿ) ಕಟ್ಟಿಕೊಳ್ಳೂ ತ್ರಾಸು ದಿನಾ ನಾಕು ಕಿಲೋಮೀಟರ್ ಓಡಿಸೋರಿಗೆ. ಹೆದ್ದಾರ್ಯಾಗ ಬಿಸಿ ಸಿಕ್ಕು ಅದು ತಾನ ಸುಟ್ಟು ಸ್ವಚ್ಛ ಆಗ್ತದ. ಮ್ಯಾನ್ಯುಯಲ್ ನಡೀತದ ಅಂದ್ರ ಡೀಸೆಲ್ ತಗೋರಿ, ಆಟೊಮ್ಯಾಟಿಕ್ಕೇ ಬೇಕಂದ್ರ ಹೈಬ್ರಿಡ್ ಮುಂದ ಬರ್ತದ. ಇಷ್ಟ.

ಲೆಕ್ಕದ_ಪುಸ್ತಕ:
ಒಪ್ಪಿದೆ. ಮೇಲಿನ ಅಂಕಿಯೂ ಅದನ್ನೇ ಹೇಳುತ್ತೆ: ಮ್ಯಾನ್ಯುಯಲ್ ಡೀಸೆಲ್ ಸಮಸಮ, ಆಟೊಮ್ಯಾಟಿಕ್ ಡೀಸೆಲ್ ವರ್ಷಕ್ಕೆ ₹13,000 ಹಿಂದೆ. ಹೈಕ್ರಾಸ್ ಬಗ್ಗೆಯೂ ಕೇಳಿದ್ದರಲ್ಲ. ಎಆರ್‌ಎಐ 23.24 ಇದ್ದರೂ 100ರ ವೇಗಕ್ಕೆ 16–17 ಹಿಡಿಯಿರಿ, ಇಂಧನ ಖರ್ಚು ಮೈಲ್ಡ್ ಗ್ರ್ಯಾಂಡ್ ವಿಟಾರಾದ ಹತ್ತಿರ. 2 ಲೀಟರ್ ಎಂಜಿನ್, ಸುಮಾರು 186 ಪಿಎಸ್ ಇರೋದರಿಂದ ಘಾಟಿಯಲ್ಲಿ ಏದುಸಿರಿಲ್ಲ. ಆದರೆ ಅದು ಉಳಿತಾಯಕ್ಕೆ ತಗೊಳ್ಳೋ ಗಾಡಿಯಲ್ಲ, ಸೀಟಿಗೆ ತಗೊಳ್ಳೋ ಗಾಡಿ.

ವರದಾ_ತೀರ:
ಎಲ್ಲರಿಗೂ ಧನ್ಯವಾದ. ಆರು ಜನ ಹೋಗೋದು ವರ್ಷಕ್ಕೆ ಮೂರು ಸಲ, ಆ ದಿನಗಳಿಗೆ ಬಾಡಿಗೆ ಗಾಡಿ ಸಾಕು. ಮನೆಯಲ್ಲಿ ಆಟೊಮ್ಯಾಟಿಕ್ಕೇ ಬೇಕಂತೆ. ಹಾಗಾಗಿ ಸ್ಟ್ರಾಂಗ್ ಹೈಬ್ರಿಡ್ ಟೆಸ್ಟ್ ಡ್ರೈವ್‌ಗೆ ಹೋಗ್ತಿದ್ದೀನಿ. ಏನೇನು ನೋಡಲಿ? ತಗೊಂಡ ಮೇಲೆ ಮೈಲೇಜ್ ಅಳೆಯೋದು ಸ್ಕ್ರೀನ್ ನೋಡಿಯೇ?

ಸ್ಪ್ಯಾನರ್_ಶೆಟ್ರು:
ಶೋರೂಮಿನ ಸುತ್ತ ಎರಡು ಕಿ.ಮೀ. ಓಡಿಸಿ ಬರಬೇಡಿ. ಅಷ್ಟರಲ್ಲಿ ಅದು ಬ್ಯಾಟರಿಯಲ್ಲೇ ಓಡಿ "ಆಹಾ ಎಷ್ಟು ಮೌನ" ಅನ್ನಿಸುತ್ತೆ. ಬೈಪಾಸಿಗೆ ಕೇಳಿ, ನಾಲ್ಕು ಜನ ಕೂತು, ಎಸಿ ಹಾಕಿ ಹೋಗಿ. 60ರಿಂದ 100ಕ್ಕೆ ಪೂರ್ತಿ ಪೆಡಲ್ ಒತ್ತಿ ಎಂಜಿನ್ ಸದ್ದು ಕೇಳಿ. ಮೂರು ಸಿಲಿಂಡರಿನ ಆ ಸದ್ದು ಹಿಂದಿನ ಸೀಟಿಗೂ ಹೇಗೆ ಕೇಳುತ್ತೆ ಅಂತ ಮನೆಯವರನ್ನ ಕೇಳಿ. ವಾಪಸ್ ಬರುವಾಗ ಟ್ರಿಪ್ ಮೀಟರ್ ಸೊನ್ನೆ ಮಾಡಿ, 100ರಲ್ಲಿ ಕ್ರೂಸ್ ಕಂಟ್ರೋಲ್ (ವೇಗ ತಾನೇ ಕಾಯ್ದುಕೊಳ್ಳೋ ವ್ಯವಸ್ಥೆ) ಹಾಕಿ ಹತ್ತು ನಿಮಿಷ ಬಿಟ್ಟು, ಮೈಲೇಜ್ ಎಷ್ಟು ತೋರಿಸುತ್ತೆ ನೋಡಿ.

ಅಳೆಯೋದು ಟ್ಯಾಂಕ್ ಟು ಟ್ಯಾಂಕ್. ಟ್ಯಾಂಕ್ ತುಂಬಿಸಿ, ಮೊದಲ ಆಟೊ ಕಟ್‌ಗೆ (ಬಂಕಿನ ನಳಿಕೆ ತಾನೇ ನಿಂತಾಗ) ನಿಲ್ಲಿಸಿ, ಟ್ರಿಪ್ ಸೊನ್ನೆ ಮಾಡಿ. ಕಮ್ಮಿ ಅಂದ್ರೂ 400 ಕಿ.ಮೀ. ಓಡಿಸಿ, ಅದೇ ಬಂಕಿನ ಅದೇ ನಳಿಕೆಯಲ್ಲಿ ಮತ್ತೆ ಮೊದಲ ಆಟೊ ಕಟ್‌ವರೆಗೆ ತುಂಬಿಸಿ, ಓಡಿದ ಕಿ.ಮೀ.ಯನ್ನ ಬಿಲ್ಲಿನ ಲೀಟರಿನಿಂದ ಭಾಗಿಸಿ. ಸೂಪರ್‌ವೈಸರ್ "ರೌಂಡ್ ಫಿಗರ್ ಮಾಡ್ಲಾ ಸರ್" ಅಂದರೆ ಬೇಡ ಅನ್ನಿ, ಆ ಅರ್ಧ ಲೀಟರಲ್ಲೇ ಲೆಕ್ಕ ಕೆಡೋದು. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. ಸ್ಕ್ರೀನ್ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿಯೇ ಹೇಳುತ್ತೆ. ಇ20 (20% ಎಥನಾಲ್ ಬೆರೆಸಿದ) ಪೆಟ್ರೋಲಿನಲ್ಲಿ ಲೀಟರಿಗೆ ಸಿಗೋ ಶಕ್ತಿಯೂ ಬರೀ ಪೆಟ್ರೋಲಿಗಿಂತ ಆರೇಳು ಶೇಕಡ ಕಮ್ಮಿ.

ಟೈರ್ ಗಾಳಿ ತಿಂಗಳಿಗೆರಡು ಸಲ, ಬೆಳಿಗ್ಗೆ ತಣ್ಣಗಿರುವಾಗ, ಚಾಲಕನ ಬಾಗಿಲ ಹತ್ತಿರ ಅಂಟಿಸಿರೋ ಚೀಟಿಯ ಪ್ರಕಾರ. ಆ ಚೀಟಿಯಲ್ಲಿ ಲೋಡ್ ಇದ್ದಾಗಿನ ಅಂಕಿ ಬೇರೆ ಕೊಟ್ಟಿದ್ದರೆ ಬೆಂಗಳೂರಿಗೆ ಹೊರಡೋ ದಿನ ಅದನ್ನೇ ಹಾಕಿಸಿ.