ಸಾನ್ವಿ ಪಪ್ಪನ ಲಾಲ್‌ಬಾಗ್ ಯಾತ್ರೆ

ಪ್ರೀ ನರ್ಸರಿಯವರು ಮಕ್ಕಳನ್ನು ಪಿಕ್‌ನಿಕ್‌ಗೆ ಕರೆದುಕೊಂಡು ಹೋಗುವಾಗ ಜೊತೆಗೆ ಅಪ್ಪನನ್ನೋ ಅಮ್ಮನನ್ನೋ ಯಾಕೆ ಕರೆಯುತ್ತಾರೆ? ಮೊನ್ನೆ ಗಾಂಧಿ ಬಜಾರಿನ ದರ್ಶಿನಿ ಮುಂದೆ ಬೈ ಟು ಕಾಫಿ ಹಿಡಿದು ನಾವು ನಾಲ್ವರು ಇದನ್ನೇ ಚರ್ಚಿಸಿದೆವು. ದೇಶದ ಆರ್ಥಿಕ ಸ್ಥಿತಿಯನ್ನು ಅದಕ್ಕೂ ಮೊದಲೇ ಐದು ನಿಮಿಷದಲ್ಲಿ ಮುಗಿಸಿಯಾಗಿತ್ತು.

"ಬ್ಯಾಗ್ ಹೊರೋಕೆ" ಅಂದ ಸೀನ. ಅವನಿಗೆ ಹೇಳುವ ಹಕ್ಕಿದೆ. ಹಿಂದಿನ ದಿನವಷ್ಟೇ ಮಗಳ ಸ್ಕೂಲಿನ ಜೊತೆ ಲಾಲ್‌ಬಾಗ್‌ಗೆ ಹೋಗಿ ಬಂದಿದ್ದ. "ಫೀಸ್ ಕಟ್ಟಿದವನೂ ನಾನೇ, ಕೂಲಿ ಮಾಡಿದವನೂ ನಾನೇ. ಇಪ್ಪತ್ತು ನೀರಿನ ಬಾಟಲಿ ಕಣ್ರೀ! ಅದರಲ್ಲಿ ಹದಿನೈದು ಸೋರುತ್ತಿದ್ದವು."

"ಅಷ್ಟು ಕಷ್ಟ ಇದ್ದಮೇಲೆ ಒಪ್ಪಿಕೊಂಡಿದ್ದು ಯಾಕಪ್ಪ?" ಅಂದರು ಪ್ರಭಣ್ಣ. ಅವರು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ರಿಟೈರ್ ಆದವರು. ಅವರ ಮಕ್ಕಳಿಗೆ ಮದುವೆಯೂ ಆಗಿದೆ. ಹಾಗಾಗಿ ಬೇರೆಯವರ ಮಕ್ಕಳ ವಿಷಯದಲ್ಲಿ ಅವರಿಗೆ ತುಂಬ ಧೈರ್ಯ.

"ಒಪ್ಪಿಕೊಳ್ಳಲಿಲ್ಲ ಪ್ರಭಣ್ಣ. ವಾಟ್ಸಾಪ್ ಗ್ರೂಪಿನಲ್ಲಿ 'ವಾಲಂಟಿಯರ್ ಯಾರು' ಅಂತ ಕೇಳಿದರು. ಎಲ್ಲರೂ ಸತ್ತ ಹಾಗೆ ಸುಮ್ಮನಿದ್ದರು. ನನ್ನ ಹೆಂಡತಿ ನನ್ನ ಫೋನ್ ತೆಗೆದುಕೊಂಡು ಹೆಬ್ಬೆರಳು ಒತ್ತಿಬಿಟ್ಟಳು."

ವೀಣಕ್ಕ ನಕ್ಕರು. ಆಕೆ ತುಂಬ ವರ್ಷ ಪುಟ್ಟ ಮಕ್ಕಳ ಟೀಚರ್ ಆಗಿದ್ದವರು. ಯಾರಾದರೂ ರಸ್ತೆ ದಾಟಲು ಹೊರಟರೆ ಈಗಲೂ ಗೊತ್ತಿಲ್ಲದೆ ಕೈ ಹಿಡಿದುಕೊಳ್ಳುತ್ತಾರೆ. "ಸರಿ, ನಿನ್ನ ಮಗಳನ್ನು ನಿನ್ನ ಗುಂಪಿಗೇ ಹಾಕಿದ್ದರಾ?"

"ಇಲ್ಲ. ಬೇರೆ ನಾಲ್ಕು ಮಕ್ಕಳನ್ನು ಕೊಟ್ಟರು. ನಮ್ಮವಳನ್ನು ಮುಂದೆ ಹಗ್ಗದ ಸಾಲಿನಲ್ಲಿ ನಿಲ್ಲಿಸಿದರು."

"ನಾವೂ ಹಾಗೇ ಮಾಡುತ್ತಿದ್ದೆವು. ಅಪ್ಪ ಪಕ್ಕದಲ್ಲಿದ್ದರೆ ಮಗುವಿಗೆ ನಡೆಯೋಕೆ ಕಾಲೇ ಇರಲ್ಲ, ಎತ್ಕೋ ಅನ್ನುತ್ತೆ. ಅದನ್ನು ನೋಡಿ ಉಳಿದವೂ ಅಪ್ಪ ಬೇಕು ಅಂತ ಶುರು ಮಾಡುತ್ತವೆ. ಎಲ್ಲರಿಗೂ ಅಪ್ಪನನ್ನು ಎಲ್ಲಿಂದ ತರೋದು?"

"ಎತ್ಕೋ ಅನ್ನೋದಿರಲಿ, ನನ್ನ ಗುರುತೇ ಇಟ್ಟುಕೊಳ್ಳಲಿಲ್ಲ ಅಕ್ಕ! ಎಲ್ಲ ಮಕ್ಕಳೂ ನನ್ನನ್ನು 'ಸಾನ್ವಿ ಪಪ್ಪ, ಸಾನ್ವಿ ಪಪ್ಪ' ಅಂತ ಕರೆಯುತ್ತಿದ್ದವು. ಸ್ವಲ್ಪ ಹೊತ್ತಿಗೆ ಸಾನ್ವಿಯೂ 'ಸಾನ್ವಿ ಪಪ್ಪ, ನೀರು ಕೊಡಿ' ಅಂದಳು. ಅದೂ ಬಹುವಚನದಲ್ಲಿ!"

ಸೀನನ ನಿಜವಾದ ನೋವು ಬೇರೆಯದೇ ಇತ್ತು ಅಂತ ನಮಗೆ ಆಮೇಲೆ ತಿಳಿಯಿತು. ಹಿಂದಿನ ರಾತ್ರಿ ಅವನು ಕೂತು ಲಾಲ್‌ಬಾಗ್ ಬಗ್ಗೆ ಓದಿಕೊಂಡಿದ್ದ. ತೋಟ ಶುರು ಮಾಡಿಸಿದ್ದು ಹೈದರಾಲಿ, 1760ರಲ್ಲಿ. ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು 1889ರಲ್ಲಿ. ಕೆಂಪೇಗೌಡರ ಗೋಪುರ ಇರುವ ಬಂಡೆಗೆ ಸುಮಾರು 300 ಕೋಟಿ ವರ್ಷ. ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದನಂತೆ, ಪಿಯುಸಿ ಪರೀಕ್ಷೆಗೆ ಹೋದ ಹಾಗೆ.

"ಗಾಜಿನ ಮನೆ ಮುಂದೆ ನಿಂತು 'ಮಕ್ಕಳೇ' ಅಂದೆ ಅಷ್ಟೇ. ನಾಲ್ವರೂ ಕುಕ್ಕರುಗಾಲಿನಲ್ಲಿ ಕೂತಿದ್ದವು, ನನ್ನ ಕಡೆ ಬೆನ್ನು ಹಾಕಿ. ಏನು ಅಂತ ನೋಡಿದರೆ ಇರುವೆ ಸಾಲು. ಯಾರೋ ಬೀಳಿಸಿದ ಕೋಡುಬಳೆ ಚೂರನ್ನು ಆರೇಳು ಇರುವೆ ಸೇರಿ ಎಳೆಯುತ್ತಿದ್ದವು. ಸಿಮೆಂಟಿನ ಬಿರುಕಿನ ಹತ್ತಿರ ಬಂದಾಗ ಚೂರು ಸಿಕ್ಕಿಹಾಕಿಕೊಂಡಿತು. ಇರುವೆಗಳು ಈ ಕಡೆ ತಳ್ಳಿದವು, ಆ ಕಡೆ ಎಳೆದವು. ಒಂದು ಇರುವೆ ಮಾತ್ರ ಮೇಲೆ ಹತ್ತಿ ಸುಮ್ನೆ ಓಡಾಡುತ್ತಿತ್ತು."

"ಅದು ಮ್ಯಾನೇಜರ್" ಅಂದೆ ನಾನು.

"ಇಪ್ಪತ್ತು ನಿಮಿಷ! ಹೈದರಾಲಿಗೆ ಇಪ್ಪತ್ತು ಸೆಕೆಂಡ್ ಸಿಗಲಿಲ್ಲ. ಆಮೇಲೆ ಒಬ್ಬ ಹುಡುಗ ತಲೆ ಎತ್ತಿ ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದ. 'ಸಾನ್ವಿ ಪಪ್ಪ, ಇರುವೆ ಸೂಸೂ ಎಲ್ಲಿ ಮಾಡುತ್ತೆ?'"

ಪ್ರಭಣ್ಣ ಕಾಫಿ ಲೋಟ ಕೆಳಗಿಟ್ಟರು. ಮೂವತ್ತು ವರ್ಷದ ಪಾಠ ಗಂಟಲಲ್ಲಿ ನಿಂತಿತ್ತು ಪಾಪ.

"ಒಳ್ಳೇ ಪ್ರಶ್ನೆ! ಕೀಟಗಳಿಗೆ ಮೂತ್ರಕ್ಕೊಂದು ದಾರಿ, ಮಲಕ್ಕೊಂದು ದಾರಿ ಅಂತ ಬೇರೆ ಇಲ್ಲ. ಎರಡೂ ಒಟ್ಟಿಗೇ. ಜರ್ಮನಿಯ ವಿಜ್ಞಾನಿಗಳು ಇರುವೆಗಳಿಗೆ ಬಣ್ಣ ಹಾಕಿದ ಸಕ್ಕರೆ ನೀರು ಕುಡಿಸಿ ನೋಡಿದರು. 2015ರಲ್ಲಿ ಅದು ಪ್ರಕಟವೂ ಆಯಿತು. ಗೂಡಿನ ಒಳಗೆ ಒಂದೊಂದು ಮೂಲೆಯಲ್ಲಿ ಮಾತ್ರ ಆ ಬಣ್ಣ ಗುಡ್ಡೆ ಬಿದ್ದಿತ್ತು. ಅಂದರೆ ಆ ಕಪ್ಪು ಇರುವೆಗಳು ಮೂಲೆಯನ್ನೇ ಶೌಚಾಲಯ ಮಾಡಿಕೊಂಡಿವೆ! ಎಲ್ಲೆಂದರಲ್ಲಿ ಮಾಡಲ್ಲ."

"ನೋಡಿ, ಇರುವೆಗಿರುವ ಬುದ್ಧಿ!" ಅಂದರು ವೀಣಕ್ಕ. ಪಕ್ಕದ ಟೇಬಲ್ಲಿನಲ್ಲಿ ಮಸಾಲೆ ದೋಸೆ ತಿನ್ನುತ್ತಿದ್ದ ದಂಪತಿ ತಟ್ಟೆ ಎತ್ತಿಕೊಂಡು ಆಚೆ ಹೋದರು. "ನೀನು ಏನು ಉತ್ತರ ಕೊಟ್ಟೆ ಸೀನ?"

"ಮನೆಗೆ ಹೋಗಿ ಮಾಡುತ್ತೆ ಅಂದೆ."

"ಸರಿಯಾಗೇ ಹೇಳಿದ್ದೀಯಲ್ಲೋ!" ಪ್ರಭಣ್ಣನಿಗೆ ಭಾರಿ ಖುಷಿ.

"ಏನು ಸರಿ? ಸೂಸೂ ಅನ್ನೋ ಮಾತು ಕಿವಿಗೆ ಬಿದ್ದಿದ್ದೇ ತಡ, ನಾಲ್ವರಿಗೂ ಬಂತು. ಅವರನ್ನು ನೋಡಿ ಹಗ್ಗದ ಸಾಲಿಗೆ ಪೂರ್ತಿ ಬಂತು. 240 ಎಕರೆ ತೋಟ, ಆದರೆ ಟಾಯ್ಲೆಟ್ ಮಾತ್ರ ಯಾವಾಗಲೂ ನಾವಿರುವ ಜಾಗದಿಂದ ಆ ತುದಿಗೆ. ಅಲ್ಲಿಗೆ ಓಡಿ ತಲುಪಿದ ಮೇಲೆ ಅರ್ಧ ಮಕ್ಕಳು 'ಬರ್ತಿಲ್ಲ' ಅಂದವು."

ವಾಪಸ್ ಬಂದು ಟೀಚರ್ ತಲೆ ಎಣಿಸಿದಾಗ ಇಪ್ಪತ್ತೊಂದು ಮಕ್ಕಳಿದ್ದರಂತೆ. ಇದನ್ನು ಹೇಳುವಾಗ ಸೀನನ ದನಿ ಇಳಿಯಿತು. "ಒಂದು ಕಡಿಮೆಯಾದರೆ ಹುಡುಕಬಹುದು. ಜಾಸ್ತಿಯಾದರೆ ಏನು ಮಾಡೋದು ಹೇಳಿ? ಅವತ್ತೇ ಇನ್ನೊಂದು ಸ್ಕೂಲಿನವರೂ ಬಂದಿದ್ದರು. ಅವರದ್ದೂ ಹಳದಿ ಟೀ ಶರ್ಟು."

"ಹಳದಿಯೇ ಹಾಕಿಸೋದು. ದೂರದಿಂದ ಕಾಣಲಿ ಅಂತ" ಅಂದರು ವೀಣಕ್ಕ, ಸ್ವಲ್ಪ ಸಂಕೋಚದಿಂದ.

"ಆ ಹುಡುಗ ಯಾರ ಕೈ ಹಿಡಿದಿದ್ದ ಅಂತೀರಾ? ನನ್ನದೇ. ಒಂದು ಕೈಯಲ್ಲಿ ನನ್ನ ಕಿರುಬೆರಳು, ಇನ್ನೊಂದರಲ್ಲಿ ನಮ್ಮ ಡಬ್ಬಿಯ ಕೋಡುಬಳೆ. ಅವನ ಟೀಚರ್ ಉಸಿರು ಬಿಡುತ್ತಾ ಓಡಿ ಬಂದು ಕರೆದರೆ ಹೋಗಲ್ಲ ಅಂದ. ಅಲ್ಲಿ ಬರೀ ಸೌತೆಕಾಯಿ ಕೊಟ್ಟಿದ್ದರಂತೆ. ಹೋಗುವಾಗ ಜೋರಾಗಿ ಅಳುತ್ತಾ 'ಸಾನ್ವಿ ಪಪ್ಪಾ' ಅಂತ ನನ್ನ ಕಡೆ ಕೈ ಚಾಚಿದ. ವಾಕಿಂಗ್ ಬಂದಿದ್ದ ಅಜ್ಜಿಯರೆಲ್ಲ ನಿಂತು ಆ ಟೀಚರಮ್ಮನನ್ನು ಮಕ್ಕಳ ಕಳ್ಳಿ ಅನ್ನೋ ಹಾಗೆ ನೋಡಿದರು."

ಪ್ರಭಣ್ಣ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಮೇಷ್ಟರ ಗತ್ತಿಗೆ ಬಂದರು. "ಅದೆಲ್ಲ ಬಿಡು. ಇಷ್ಟೆಲ್ಲ ಮಾಡಿ ಮಕ್ಕಳು ಏನು ಕಲಿತವು? ಮೂರೂವರೆ ವರ್ಷದವಕ್ಕೆ ಲಾಲ್‌ಬಾಗ್ ಆದರೇನು, ಮನೆ ಹಿತ್ತಲಾದರೇನು?"

"ಹಿತ್ತಲು ಎಲ್ಲಿದೆ ಪ್ರಭಣ್ಣ? ಮೂರನೇ ಮಹಡಿಯಲ್ಲಿ ಅವನ ಮನೆ" ಅಂದರು ವೀಣಕ್ಕ. "ಮಣ್ಣಿನ ಮೇಲೆ ಕೂತು ಇರುವೆ ನೋಡೋಕೂ ಆ ಮಕ್ಕಳು ಬಸ್ಸು ಹತ್ತಬೇಕು. ಕಲಿಯೋದು ಆಮೇಲಿನ ಮಾತು. ಮಾರನೇ ದಿನ ನಾವು ಕೇಳುತ್ತಿದ್ದೆವು, ನಿನ್ನೆ ಏನೇನು ನೋಡಿದಿರಿ ಅಂತ. ಅದು ಮಜಾ ಇರುತ್ತಿತ್ತು. ಸೀನ, ನಿನ್ನ ಮಗಳನ್ನೂ ಕೇಳಿರಬೇಕಲ್ವಾ ಇವತ್ತು?"

ಸೀನ ಮಾತಾಡಲಿಲ್ಲ. ಖಾಲಿ ಲೋಟದಲ್ಲಿ ಏನೋ ಹುಡುಕತೊಡಗಿದ.

"ಹೇಳೋ."

"ಟೀಚರ್ ಗ್ರೂಪಿಗೆ ವಿಡಿಯೋ ಹಾಕಿದ್ದಾರೆ. ಒಬ್ಬ 'ಬಸ್ಸು' ಅಂದ. ಒಬ್ಬಳು 'ಇರುವೆ' ಅಂದಳು. ಇನ್ನೊಬ್ಬ 'ನಾಯಿ ಮಲಗಿತ್ತು' ಅಂದ. ಉಳಿದವರೆಲ್ಲ ಒಟ್ಟಿಗೆ 'ಸಾನ್ವಿ ಪಪ್ಪ ಬಂಡೆ ಮೇಲೆ ಬಿದ್ದರು' ಅಂದವು."

ನಾವು ಮೂವರೂ ಅವನನ್ನೇ ನೋಡಿದೆವು.

"ಬಿದ್ದಿಲ್ಲ" ಅಂದ ಸೀನ. "ಜಾರಿ ಕೂತೆ."

"300 ಕೋಟಿ ವರ್ಷದ ಬಂಡೆ ಕಣೋ" ಅಂದರು ಪ್ರಭಣ್ಣ. "ಅದಕ್ಕೇನೂ ಆಗಿಲ್ಲ ತಾನೇ?"