ಸೇನಾ ರ‍್ಯಾಲಿ ಮೆಡಿಕಲ್: ಚಿಕ್ಕಂದಿನ ಉಬ್ಬಸ, ಕಿವಿ ಸೋರಿದ್ದು, ಕೈ ಮುರಿದದ್ದು ಹೇಳಬೇಕೇ?

ಹಾರಂಗಿ_ದಂಡೆ

ತಮ್ಮನಿಗೆ 18 ವರ್ಷ, ಊರು ಸೋಮವಾರಪೇಟೆ ತಾಲ್ಲೂಕು. ಅಗ್ನಿವೀರ್ ಜನರಲ್ ಡ್ಯೂಟಿಯ ಆನ್‌ಲೈನ್ ಪರೀಕ್ಷೆ ಪಾಸಾಗಿದೆ. ಇನ್ನು ರ‍್ಯಾಲಿಯಲ್ಲಿ ಓಟ, ಆಮೇಲೆ ಮೆಡಿಕಲ್. 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸುತ್ತಾನೆ.

ಅವನ ಹಳೆಯ ತೊಂದರೆ ಮೂರು. ಸುಮಾರು 8 ವರ್ಷದವರೆಗೆ ಮಳೆಗಾಲದಲ್ಲಿ ಉಬ್ಬಸ ಬರುತ್ತಿತ್ತು, ಪಂಪ್ (ಇನ್‌ಹೇಲರ್) ಕೊಡುತ್ತಿದ್ದರು. ಆಮೇಲೆ ಬಂದಿಲ್ಲ. 10ನೇ ವಯಸ್ಸಿನಲ್ಲಿ ಎಡಗಿವಿ ಕೆಲವು ತಿಂಗಳು ಸೋರಿತ್ತು, ಔಷಧಿಯಲ್ಲೇ ನಿಂತಿತು. 12ರಲ್ಲಿ ಮರದಿಂದ ಬಿದ್ದು ಬಲ ಮೊಣಕೈ ಮುರಿದು ತಂತಿ ಹಾಕಿ ತೆಗೆದಿದ್ದಾರೆ. ತರಬೇತಿ ಕೊಡುವವರು "ಯಾವುದಕ್ಕೂ ಹೌದು ಅನ್ನಬೇಡ, ಎಲ್ಲದಕ್ಕೂ ಇಲ್ಲ ಅಂತ ಬರೆ" ಅಂದಿದ್ದಾರೆ. ಮನೆಯಲ್ಲಿ ಎಲ್ಲರಿಗೂ ಗೊಂದಲ. ತಿಳಿದವರು ವಿವರವಾಗಿ ಹೇಳಿ.

ಬಿಳಿಕೋಟು_ಮಡಿಕೇರಿ

ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಡಿ. ಒಂದೊಂದರ ತೂಕ ಬೇರೆ.

ಮೊದಲು ಉಬ್ಬಸ, ಏಕೆಂದರೆ ಈ ಮೂರರಲ್ಲಿ ನಿಜವಾಗಿ ಆಯ್ಕೆಗೆ ತಟ್ಟುವುದು ಅದೇ. ಮತ್ತೆ ಮತ್ತೆ ಬರುವ ಅಸ್ತಮಾ, ವೀಝಿಂಗ್ (ಉಸಿರಾಡುವಾಗ ಎದೆ ಸಿಳ್ಳೆ ಹಾಕುವುದು) ಸೇನೆಯ ಮಾನದಂಡದಲ್ಲಿ ತಿರಸ್ಕಾರಕ್ಕೆ ಕಾರಣ. ಆದರೆ ನಮ್ಮ ಜಿಲ್ಲೆಯ ಮನೆಗಳಲ್ಲಿ "ಉಬ್ಬಸ" ಅನ್ನುವ ಮಾತು ಬಹಳ ಸಡಿಲ. ವೈರಲ್ ಜ್ವರದ ಜೊತೆ ಎದೆ ಗೊರಗೊರ ಅಂದಿದ್ದಕ್ಕೂ ಅದೇ ಹೆಸರು, ನಿಜವಾದ ಅಸ್ತಮಾಕ್ಕೂ ಅದೇ. ಪಂಪ್ ಕೊಟ್ಟ ಮಾತ್ರಕ್ಕೆ ಅಸ್ತಮಾ ಆಗುವುದಿಲ್ಲ. ಸಣ್ಣ ಮಕ್ಕಳಿಗೆ ತಾತ್ಕಾಲಿಕ ವೀಝಿಂಗಿಗೂ ಕೊಡುತ್ತೇವೆ. ಹಾಗಾಗಿ ಮೊದಲ ಕೆಲಸ, ಆಗ ನೋಡಿದ ಡಾಕ್ಟರ ಹಳೆಯ ಚೀಟಿ ಹುಡುಕುವುದು. ಎಷ್ಟು ಸಲ ಬಂದಿತ್ತು, ಯಾವ ಔಷಧಿ, ಎಷ್ಟು ದಿನ, ಕೊನೆಯ ಸಲ ಯಾವಾಗ, ಅಡ್ಮಿಟ್ ಆಗಿದ್ದನೇ? ಇಷ್ಟು ಗೊತ್ತಾದರೆ ಏನು ಬರೆಯಬೇಕು ಎಂಬುದೂ ಗೊತ್ತಾಗುತ್ತದೆ. ಡಾಕ್ಟರು ಹೇಳದ ಕಾಯಿಲೆಯ ಹೆಸರನ್ನು ತಾನೇ ಹಚ್ಚಿಕೊಂಡು ಫಾರಂನಲ್ಲಿ "ಅಸ್ತಮಾ" ಅಂತ ಬರೆಯುವುದೂ ತಪ್ಪೇ.

ಎರಡನೆಯದು ಸ್ಪೈರೋಮೆಟ್ರಿ, ಅಂದರೆ ಊದಿಸಿ ಉಸಿರಾಟ ಅಳೆಯುವ ಪರೀಕ್ಷೆ. ಒಮ್ಮೆ ಊದಿಸಿ, ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ 400 ಮೈಕ್ರೋಗ್ರಾಂ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ ಶೇ. 12 ಮತ್ತು 200 ಮಿ.ಲೀ.ಗಿಂತ ಹೆಚ್ಚಿದರೆ ಶ್ವಾಸನಾಳ ಇನ್ನೂ ಬಿಗಿಯುತ್ತಿದೆ ಎಂದರ್ಥ. ಜನವರಿಯ ಒಣಹವೆಯಲ್ಲಿ ಮಾಡಿಸಿ ನಾರ್ಮಲ್ ಬಂತು ಅಂತ ನಿಶ್ಚಿಂತರಾಗಬೇಡಿ. ಜುಲೈನಲ್ಲಿ ಗೋಡೆಗೆ ಬೂಷ್ಟು ಹಿಡಿದಿರುವಾಗ, ಇಲ್ಲವೇ ಕಾಫಿ ಹೂ ಬಿಡುವ ಸಮಯದಲ್ಲಿ ಮಾಡಿಸಿ. ಹಿಂದೆ ಯಾವ ಕಾಲದಲ್ಲಿ ಬರುತ್ತಿತ್ತೋ ಆ ಕಾಲದಲ್ಲಿ ನಾರ್ಮಲ್ ಬಂದರೆ ಆ ರಿಪೋರ್ಟಿಗೆ ಬೆಲೆ.

ಓಟ ಪಾಸಾಗುತ್ತಾನೆ ಅಂದಿರಿ. ಅದರಿಂದ ಏನೂ ಸಾಬೀತಾಗುವುದಿಲ್ಲ. ವ್ಯಾಯಾಮದಿಂದ ಬರುವ ಶ್ವಾಸನಾಳದ ಬಿಗಿತ ಸಾಮಾನ್ಯವಾಗಿ ಓಡಿ ನಿಂತ 5–10 ನಿಮಿಷಕ್ಕೆ ಜೋರಾಗುತ್ತದೆ. ಐದೂವರೆ ನಿಮಿಷದ ಓಟ ಅಷ್ಟರೊಳಗೆ ಮುಗಿದೇ ಹೋಗಿರುತ್ತದೆ. ಓಡಿದ ಮೇಲೆ ಹತ್ತು ನಿಮಿಷ ಪಕ್ಕದಲ್ಲೇ ಕೂತು ಕೆಮ್ಮು ಬರುತ್ತದೆಯೇ, ಎದೆ ಸಿಳ್ಳೆ ಹಾಕುತ್ತದೆಯೇ ಗಮನಿಸಿ. ಓಟದ ಬೆಳಿಗ್ಗೆ ಗುಟ್ಟಾಗಿ ಪಂಪ್ ಎಳೆಯುವ ಉಪಾಯವನ್ನೂ ಕೆಲವರು ಹೇಳಿಕೊಡುತ್ತಾರೆ. ಅದರಿಂದ ನಾಡಿ ಏರುತ್ತದೆ, ಕೈ ನಡುಗುತ್ತದೆ, ಮೆಡಿಕಲ್‌ನಲ್ಲಿ ಅದೇ ಇನ್ನೊಂದು ಪ್ರಶ್ನೆಯಾಗುತ್ತದೆ.

ನಿಜವಾಗಿ ಅಸ್ತಮಾ ಇದ್ದರೆ ದಯವಿಟ್ಟು ಬಚ್ಚಿಟ್ಟು ಕಳಿಸಬೇಡಿ. ತರಬೇತಿಯ ಧೂಳು, ಮರುಭೂಮಿ, ಲಡಾಖಿನ ಒಣ ಚಳಿಗಾಳಿ ಎಲ್ಲವೂ ಅದನ್ನು ಕೆರಳಿಸುವಂಥವು. ಹತ್ತಿರದಲ್ಲಿ ಆಸ್ಪತ್ರೆ ಇಲ್ಲದ ಕಡೆ ತೀವ್ರ ಅಟ್ಯಾಕ್ ಬಂದರೆ ಜೀವಕ್ಕೇ ಅಪಾಯ, ಅವನನ್ನು ಹೊತ್ತು ಇಳಿಸಬೇಕಾದವರಿಗೂ ಅಪಾಯ.

ಲೆಫ್ಟ್_ರೈಟ್_ಕುಶಾಲನಗರ

ಕಿವಿ ಮತ್ತು ಕೈ ಬಗ್ಗೆ ನಾನು ಬರೆಯುತ್ತೇನೆ.

ಕಿವಿ ಸೋರಿದ್ದನ್ನು "ಇಲ್ಲ" ಅನ್ನುವುದರಲ್ಲಿ ಪ್ರಯೋಜನವೇ ಇಲ್ಲ. ಕಿವಿಯೊಳಗೆ ನೋಡುವ ಓಟೋಸ್ಕೋಪ್ ಇಟ್ಟ ಕೂಡಲೇ ಕಿವಿ ತಮಟೆಯ ಮೇಲಿನ ಕಲೆ, ಸುಣ್ಣದಂತೆ ಬಿಳಿ ಮಚ್ಚೆ, ತೂತು ಕಾಣಿಸುತ್ತವೆ. ತೂತು ಇದ್ದರೆ, ಈಗಲೂ ಸೋರುತ್ತಿದ್ದರೆ ಅನ್‌ಫಿಟ್. ವಾಸಿಯಾಗಿ ಕೇಳುವಿಕೆ ಸರಿ ಇದ್ದರೆ ಇಎನ್‌ಟಿ ತಜ್ಞರ ನಿರ್ಧಾರ. ಪರೀಕ್ಷೆಯಲ್ಲಿ ಬೆನ್ನು ತಿರುಗಿಸಿ ನಿಲ್ಲಿಸಿ 610 ಸೆಂ.ಮೀ. ದೂರದಿಂದ ಪಿಸುಮಾತು ಹೇಳುತ್ತಾರೆ, ಒಂದೊಂದು ಕಿವಿಗೂ ಬೇರೆ ಬೇರೆ. ಅದಕ್ಕಿಂತ ಮೊದಲೇ ಮಡಿಕೇರಿಯಲ್ಲೋ ಮೈಸೂರಲ್ಲೋ ಇಎನ್‌ಟಿಗೆ ತೋರಿಸಿ ಆಡಿಯೋಗ್ರಾಂ (ಕೇಳುವಿಕೆ ಅಳೆಯುವ ಪರೀಕ್ಷೆ) ಮಾಡಿಸಿ. ಗುಗ್ಗೆ ತುಂಬಿದ್ದರೆ ತಮಟೆ ಕಾಣದೆ ಮೆಡಿಕಲ್ ಅಲ್ಲೇ ನಿಲ್ಲುತ್ತದೆ. ಎಷ್ಟೋ ಹುಡುಗರಿಗೆ ತಡೆ ಬೀಳುವುದು ಇದರಿಂದಲೇ, ಕಾಯಿಲೆಯಿಂದ ಅಲ್ಲ. ಕಡ್ಡಿ, ಇಯರ್ ಬಡ್ ಹಾಕಿ ಕೆದಕಬೇಡಿ, ಗುಗ್ಗೆ ಇನ್ನೂ ಒಳಗೆ ಹೋಗುತ್ತದೆ. ಹಿಂದೆ ಸೋರಿದ ಕಿವಿಗೆ ಡಾಕ್ಟರು ನೋಡದೆ ಎಣ್ಣೆ, ಡ್ರಾಪ್ಸ್ ಯಾವುದನ್ನೂ ಬಿಡಬೇಡಿ. ರ‍್ಯಾಲಿಗೆ ಒಂದು ವಾರ ಮೊದಲು ಕ್ಲಿನಿಕ್ಕಿನಲ್ಲೇ ತೆಗೆಸಿ.

ಮೊಣಕೈ: ತಂತಿ ತೆಗೆದದ್ದು ಒಳ್ಳೆಯದು. ಪ್ಲೇಟ್, ರಾಡ್ ಒಳಗಿದ್ದರೆ ಅನ್‌ಫಿಟ್, ತೆಗೆಸಿ ಕನಿಷ್ಠ 12 ವಾರ ಕಳೆದ ಮೇಲೆ ಪರಿಗಣನೆ. ಮುರಿತ ಕೀಲಿನ ಒಳಗೇ ಹಾದುಹೋಗಿತ್ತೇ ಎಂಬುದನ್ನು ಹಳೆಯ ಎಕ್ಸ್‌ರೇಯಲ್ಲಿ ಕೇಳಿ ತಿಳಿಯಿರಿ, ಅದು ದೊಡ್ಡ ವ್ಯತ್ಯಾಸ. ಈಗ ಮನೆಯಲ್ಲೇ ನೋಡಬಹುದಾದದ್ದು ಇಷ್ಟು: ಎರಡೂ ತೋಳು ಮುಂದೆ ಚಾಚಿ ಅಂಗೈ ಮೇಲೆ ಮಾಡಿಸಿ. ಬಲಗೈ ಮೊಣಕೈಯಿಂದ ಒಳಗೆ ವಾಲಿದೆಯೇ, ಪೂರ್ತಿ ಮಡಚಲು, ನೀಡಲು ಆಗುತ್ತದೆಯೇ? ಮಕ್ಕಳಲ್ಲಿ ಮೊಣಕೈ ಮೇಲಿನ ಮುರಿತ ಓರೆಯಾಗಿ ಕೂಡಿಕೊಂಡರೆ ಈ ವಾಲು ಉಳಿಯುತ್ತದೆ. ಕೋನ ಸರಿ ಇದ್ದರೆ ಹೊಸ ಎಕ್ಸ್‌ರೇ ಎರಡು ಕೋನದಲ್ಲಿ ತೆಗೆಸಿ, ಡಿಸ್ಚಾರ್ಜ್ ಸಮರಿ ಜೊತೆ ಇಟ್ಟುಕೊಳ್ಳಿ. ತಂತಿಯ ಗುರುತು ಚರ್ಮದ ಮೇಲೆ ಇದ್ದೇ ಇರುತ್ತದೆ, ಡಾಕ್ಟರು ಕೇಳದೆ ಬಿಡುವುದಿಲ್ಲ.

ಮೆಡಿಕಲ್‌ನಲ್ಲಿ ತಡೆದರೆ ತಜ್ಞರ ಪರೀಕ್ಷೆಗೆ ಮಿಲಿಟರಿ ಆಸ್ಪತ್ರೆಗೆ ಚೀಟಿ ಕೊಡುತ್ತಾರೆ. ಕೊಡಗು ಬೆಂಗಳೂರಿನ ನೇಮಕಾತಿ ವಲಯ ಕೇಂದ್ರಕ್ಕೆ ಸೇರಿರುವುದರಿಂದ ಸಾಮಾನ್ಯವಾಗಿ ಬೆಂಗಳೂರಿಗೇ ಹೋಗಬೇಕು. ಅಧಿಕಾರಿ ಆಯ್ಕೆಯಲ್ಲಿ ಅಪೀಲ್ ಬೋರ್ಡಿಗೆ 42 ದಿನ ಇರುತ್ತದೆ ಎಂಬ ಲೆಕ್ಕವನ್ನು ಇಲ್ಲಿ ಹಾಕಿಕೊಳ್ಳಬೇಡಿ. ರ‍್ಯಾಲಿಯಲ್ಲಿ ಸಮಯ ಅದಕ್ಕಿಂತ ತೀರಾ ಕಡಿಮೆ, ಚೀಟಿಯಲ್ಲಿ ಬರೆದ ದಿನಾಂಕವೇ ಅಂತಿಮ. ರಿಪೋರ್ಟುಗಳು ಮೊದಲೇ ಕೈಯಲ್ಲಿರಲಿ ಅಂದದ್ದು ಅದಕ್ಕೇ.

ಕಾನೂನು_ಕಡತ

"ಎಲ್ಲದಕ್ಕೂ ಇಲ್ಲ ಅಂತ ಬರೆ" ಅನ್ನುವವರು ಒಂದು ವಿಷಯ ಹೇಳುವುದಿಲ್ಲ. ಸಹಿ ಹುಡುಗನದು, ಅವರದಲ್ಲ.

1950ರ ಸೇನಾ ಕಾಯ್ದೆಯ 44ನೇ ಕಲಂ: ಸೇರ್ಪಡೆ ಫಾರಂನ ಪ್ರಶ್ನೆಗೆ ಬೇಕೆಂದೇ ಸುಳ್ಳು ಉತ್ತರ ಕೊಟ್ಟದ್ದು ಆಮೇಲೆ ಪತ್ತೆಯಾದರೆ ಕೋರ್ಟ್ ಮಾರ್ಷಲ್‌ನಲ್ಲಿ 5 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ವೈದ್ಯಕೀಯ ಹೇಳಿಕೆ ಬೇರೆ ಕಾಗದ, ಅದಕ್ಕೂ ಸಹಿ ಇದೆ, ಸುಳ್ಳೆಂದು ಗೊತ್ತಾದರೆ ನೌಕರಿಗೇ ಸಂಚಕಾರ. "ಬೇಕೆಂದೇ" ಎಂಬ ಪದ ಗಮನಿಸಿ. ಗೊತ್ತಿಲ್ಲದ್ದನ್ನು ಹೇಳದಿದ್ದರೆ ಈ ಕಲಂ ಅಡಿ ಅಪರಾಧವಲ್ಲ. ನಿಮ್ಮ ಮನೆಯಲ್ಲಿ ಗೊತ್ತಿದೆ, ಈಗ ಇಲ್ಲಿ ಬರೆದೂ ಆಯಿತು.

ಪತ್ತೆ ಆಗುವುದು ಹೇಗೆ ಎಂದರೆ, ಯಾರೋ ಊರಿಗೆ ಬಂದು ವಿಚಾರಿಸುವುದರಿಂದ ಅಲ್ಲ. ತರಬೇತಿಯಲ್ಲಿ ಉಸಿರು ಕಟ್ಟಿ ಆಸ್ಪತ್ರೆಗೆ ಸೇರಿದ ಹುಡುಗನನ್ನು ಡಾಕ್ಟರು "ಯಾವಾಗಿಂದ ಇದೆ?" ಅಂತ ಕೇಳುತ್ತಾರೆ. ನೋವಿನಲ್ಲಿರುವವನು "ಚಿಕ್ಕಂದಿನಿಂದ" ಅನ್ನುತ್ತಾನೆ. ಅದು ಕೇಸ್ ಶೀಟಿಗೆ ಹೋಗುತ್ತದೆ. ಮೆಡಿಕಲ್ ಬೋರ್ಡ್ ಕೂತಾಗ ಆ ಒಂದು ಸಾಲೇ ಸಾಕ್ಷಿ.

ಹಣದ ಪೆಟ್ಟೂ ಸಣ್ಣದಲ್ಲ. ಅಗ್ನಿವೀರರ ನೇಮಕದ ಅಗ್ನಿಪಥ ಯೋಜನೆಯಲ್ಲಿ ಅಂಗವೈಕಲ್ಯಕ್ಕೆ ಶೇ. 100, 75, 50ರ ಲೆಕ್ಕದಲ್ಲಿ 44, 25, 15 ಲಕ್ಷ ರೂಪಾಯಿ ಪರಿಹಾರವಿದೆ. ಆದರೆ ಅದು ಸೇವೆಯಿಂದ ಬಂದ ಅಥವಾ ಸೇವೆಯಿಂದ ಉಲ್ಬಣಿಸಿದ ವೈಕಲ್ಯಕ್ಕೆ ಮಾತ್ರ. ಅಂಗವೈಕಲ್ಯ ಪಿಂಚಣಿ ಕೇಳಿದ ಸೈನಿಕ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್, ಸೇರುವಾಗ ದಾಖಲೆಯಲ್ಲಿ ಕಾಯಿಲೆ ನಮೂದಾಗಿರದಿದ್ದರೆ ಆರೋಗ್ಯವಂತನಾಗಿ ಸೇರಿದ ಎಂದೇ ಭಾವಿಸಬೇಕು ಎಂದಿತು. ಸೈನಿಕನಿಗೆ ದೊಡ್ಡ ರಕ್ಷಣೆ ಅದು. ಕಾಯಿಲೆ ಮೊದಲೇ ಇತ್ತು, ತಿಳಿದೂ ಮುಚ್ಚಿಟ್ಟ ಎಂದಾದರೆ ಆ ರಕ್ಷಣೆಯನ್ನು ತಾನೇ ಕೈಯಾರೆ ಕಳೆದುಕೊಂಡಂತೆ.

ಹಾರಂಗಿ_ದಂಡೆ

ಎಲ್ಲರಿಗೂ ಧನ್ಯವಾದ. ಉಬ್ಬಸದ ಹಳೆಯ ಚೀಟಿ ಒಂದೂ ಉಳಿದಿಲ್ಲ, ನೋಡಿದ ಡಾಕ್ಟರೂ ಈಗ ಇಲ್ಲ. ಏನು ಬರೆಯುವುದು? ಸ್ಪೈರೋಮೆಟ್ರಿ ರಿಪೋರ್ಟನ್ನು ಅವರೇ ಕೇಳದಿದ್ದರೂ ಕೊಡಬೇಕೇ?

ಬಿಳಿಕೋಟು_ಮಡಿಕೇರಿ

ನೆನಪಿರುವಷ್ಟನ್ನೇ ಬರೆಯಲಿ: "ಸುಮಾರು 8 ವರ್ಷದವರೆಗೆ ಮಳೆಗಾಲದಲ್ಲಿ ಉಸಿರಾಟದ ತೊಂದರೆ ಇತ್ತು, ಪಂಪ್ ಬಳಸಿದ್ದೆ, ಆಮೇಲೆ ಬಂದಿಲ್ಲ, ಈಗ ಔಷಧಿ ಇಲ್ಲ." ರೋಗದ ಹೆಸರು ಹಾಕುವುದು ಪರೀಕ್ಷಿಸುವ ಡಾಕ್ಟರ ಕೆಲಸ. ತಾಯಿಯನ್ನು ಕೂರಿಸಿಕೊಂಡು ಕೇಳಿ, ಯಾವ ತರಗತಿಯಲ್ಲಿದ್ದಾಗ ಕೊನೆಯ ಸಲ ಬಂತು ಎಂಬುದು ಅವರಿಗೆ ನೆನಪಿರುತ್ತದೆ. ಬಾಯಲ್ಲಿ ಹೇಳುವುದಕ್ಕೂ ಕಾಗದದಲ್ಲಿ ಬರೆಯುವುದಕ್ಕೂ ವ್ಯತ್ಯಾಸ ಇರಬಾರದು.

ರಿಪೋರ್ಟನ್ನು ಮೊದಲೇ ಮುಂದೆ ಚಾಚಬೇಕಿಲ್ಲ. ಹೇಳಿಕೆ ಓದಿ ಪ್ರಶ್ನೆ ಕೇಳಿದಾಗ ಮೂಲ ಪ್ರತಿ ಕೊಡಲಿ, ಒಂದು ನಕಲು ಮನೆಯಲ್ಲಿರಲಿ. ಖಾಸಗಿ ರಿಪೋರ್ಟ್ ಎಷ್ಟೇ ಚೆನ್ನಾಗಿದ್ದರೂ ಅವರು ತಮ್ಮ ಪರೀಕ್ಷೆಯನ್ನು ತಾವೇ ಮಾಡುತ್ತಾರೆ.

ಲೆಫ್ಟ್_ರೈಟ್_ಕುಶಾಲನಗರ

ಒಂದು ಬಿಟ್ಟಿದ್ದೆ. ಹಿಂದೆ ಬೇರೆ ಯಾವುದಾದರೂ ಸೇನಾ ಆಯ್ಕೆಯಲ್ಲಿ ಮೆಡಿಕಲ್ ಅನ್‌ಫಿಟ್ ಆಗಿದ್ದೀರಾ ಎಂದೂ ಕೇಳುತ್ತಾರೆ. ಆಗಿದ್ದರೆ ಅದನ್ನೂ ಹೇಳಬೇಕು, ಯಾವ ಕಾರಣಕ್ಕೆ ಎಂದು ಆ ಚೀಟಿಯಲ್ಲಿದ್ದ ಪದಗಳಲ್ಲೇ. ಆಯ್ಕೆಯಾಗಿ ತರಬೇತಿ ಕೇಂದ್ರ ತಲುಪಿದ ಮೇಲೆ ಮತ್ತೊಮ್ಮೆ ಪರೀಕ್ಷೆ ಇರುತ್ತದೆ, ಎಕ್ಸ್‌ರೇ, ಆಡಿಯೋಗ್ರಾಂ ಇರುವ ಕವರನ್ನು ಅಲ್ಲಿಗೂ ಒಯ್ಯಲಿ. ಮಳೆಗಾಲದಲ್ಲಿ ಬೆಂಗಳೂರಿಗೆ ಕರೆ ಬಂದರೆ ಹಿಂದಿನ ದಿನವೇ ಹೊರಡಿಸಿ, ಕವರಿಗೆ ಪ್ಲಾಸ್ಟಿಕ್ ಸುತ್ತಿ.